ಪಾಟೀಚೀಲದ ಭಾರ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಈ ಸಭೆಯಲ್ಲಿ ಶಾಸ್ತ್ರವಿಚಾರಗಳನ್ನು ಕುರಿತ ಉಪನ್ಯಾಸಗಳು ಅನೇಕವು ನಡೆದಿವೆ. ಇನ್ನೂ ನಡೆಯತಕ್ಕವು ಇವೆ. ಅವುಗಳ ನಡುವೆ ಮಕ್ಕಳ ಶಾಲೆಯ ಚೀಲದ ತೂಕವನ್ನು ಕುರಿತು ಮಾತನಾಡುವುದು ಅಲ್ಪವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಪ್ರತಿದಿನ ಮುಂಜಾನೆ ಶಾಲೆಯ ದಾರಿ ಹಿಡಿದ ಮಕ್ಕಳ ಸಾಲನ್ನು ಒಂದು ಗಳಿಗೆ ನಿಂತು ನೋಡಿದವರಿಗೆ ಹಾಗೆ ತೋರಲಾರದು. ಆರೇಳು ವರ್ಷದ ಕೂಸು. ಅದರ ಹೆಗಲಿನಿಂದ ತೊಡೆಯವರೆಗೆ ಜೋಲುವ ಚೀಲ. ಮುಂದಕ್ಕೆ ಬಾಗಿದ ಮೈ, ದಾರಿ ಕಾಣಬೇಕೆಂದು ಮೇಲಕ್ಕೆತ್ತಿದ ಕೊರಳು. ಸಂತೆಗೆ ಹೇರು ಹೊತ್ತು ಹೋಗುವ ಕೂಲಿಯಾಳಿಗೂ ಈ ಕೂಸಿಗೂ ನಡಿಗೆಯಲ್ಲಿ ಭೇದವೇ ಕಾಣದು. ಕೂಲಿಯಾಳು ತನ್ನ ಹೊರೆಯನ್ನು ಮೊದಲು ಎತ್ತಿ ನೋಡಿ ಒಪ್ಪಿಕೊಂಡಿರುತ್ತಾನೆ. ಕೂಸನ್ನು ಯಾರೂ ಕೇಳಿಲ್ಲ. ಇದೊಂದೇ ಭೇದ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಚೀಲಕ್ಕೆ ಪಾಟೀಚೀಲವೆಂದೇ ಹೆಸರು. ಪಾಟಿಯೆಂದರೆ ಬರೆಯುವ ಕಲ್ಲುಹಲಗೆ. ಒಂದು ಪಾಟಿ, ಒಂದು ತುಂಡು ಬಳಪ, ಒಂದೆರಡು ಪುಸ್ತಕ. ಇಷ್ಟನ್ನು ಹಿಡಿಸುವ ಅರಿವೆಯ ಚೀಲ ಅದಾಗಿದ್ದಿತು. ಪಾಟಿಯು ಚೀಲದಿಂದ ಹೊರಬಿದ್ದು ಬಹುಕಾಲವಾಯಿತು. ಹೆಸರು ಮಾತ್ರ ಉಳಿದಿದೆ. ಆ ಪಾಟಿಯ ಗುಣವೊಂದನ್ನು ಇಲ್ಲಿ ಮರೆಯಬಾರದು. ಅದನ್ನು ಒರೆಸಿದರೆ ಅದು ಮತ್ತೆ ಬರಿದಾಗುತ್ತಿತ್ತು. ಲೆಕ್ಕಕ್ಕೂ ಅದೇ, ಕಾಗುಣಿತಕ್ಕೂ ಅದೇ, ಉಕ್ತಲೇಖನಕ್ಕೂ ಅದೇ. ಕಾಗದದ ವಹಿಯು ಹಾಗಲ್ಲ. ಒಂದು ತುಂಬಿದರೆ ಇನ್ನೊಂದು ಬೇಕು, ಒಂದು ವಿಷಯದ್ದು ಇನ್ನೊಂದಕ್ಕೆ ಸಲ್ಲದು. ಹೊರೆ ಬೆಳೆದುದರ ಮೂಲದಲ್ಲಿ ಈ ಸಣ್ಣ ಸಂಗತಿಯೂ ಒಂದಾಗಿದೆ.

ಪಾಟಿಗಿಂತಲೂ ಹಿಂದಿನ ಕಾಲದ ವೃತ್ತಾಂತವು ಸರ್ಕಾರದ ಕಾಗದಪತ್ರಗಳಲ್ಲಿಯೇ ದೊರೆಯುತ್ತದೆ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಎಂಬವನು ೧೮೨೨ರಲ್ಲಿ ತನ್ನ ಆಳ್ವಿಕೆಯ ಜಿಲ್ಲೆಗಳ ನಾಡಶಾಲೆಗಳ ವಿವರವನ್ನು ಕೇಳಿದನು. ಅದಕ್ಕುತ್ತರವಾಗಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ ೧೮೨೩ರಲ್ಲಿ ಬರೆದ ವರದಿಯು ಸುಪ್ರಸಿದ್ಧವಾದುದು. ಆಗ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದುವು. ಮಗುವು ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು. ಬಳಿಕ ಹಲಗೆಯ ಮೇಲೆಯೋ, ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ ಕಡತದ ಮೇಲೆಯೋ ಬಳಪದಿಂದ ಬರೆಯುತ್ತಿತ್ತು. ಕೂಲಿಮಠಗಳೆಂದು ಕನ್ನಡ ನಾಡಿನಲ್ಲಿ ಹೆಸರಾದ ಶಾಲೆಗಳ ಕ್ರಮವೂ ಇದೇ ಬಗೆಯದಾಗಿದ್ದಿತು. ಮರಳಿಗೆ ತೂಕವಿಲ್ಲ, ಅದನ್ನು ಮನೆಗೆ ಹೊತ್ತೊಯ್ಯಬೇಕಾಗಿಯೂ ಇರಲಿಲ್ಲ.

ಇಷ್ಟನ್ನು ಹೇಳಿ ಹಿಂದಿನದೆಲ್ಲವೂ ಚೆನ್ನಾಗಿತ್ತೆಂದು ಹೊಗಳಿ ಕುಳಿತರೆ ಅದು ಪಂಡಿತರ ಹಳೆಯ ಚಾಳಿಯಾದೀತು. ಅದೇ ಕ್ಯಾಂಪ್‌ಬೆಲ್ಲನು ಅದೇ ವರದಿಯಲ್ಲಿ, ಈ ಮಕ್ಕಳು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಒಪ್ಪಿಸಬಲ್ಲರಾದರೂ ಅವುಗಳ ಅರ್ಥವನ್ನು ಮಾತು ಕಲಿತ ಗಿಳಿಗಿಂತ ಹೆಚ್ಚಾಗಿ ಅರಿಯರೆಂದು ದೂರಿದ್ದಾನೆ. ದೂರು ಸುಳ್ಳಲ್ಲ. ಪಾಠಶಾಲೆಗಳಲ್ಲಿ ಕಲಿತು ಬಂದವರಾರೂ ಅದನ್ನು ಅಲ್ಲಗಳೆಯಲಾರರು. ಬೆನ್ನು ಹಗುರವಾಗಿದ್ದಿತು, ಅರ್ಥವರಿಯದ ಪಾಠದ ಭಾರವು ನೆತ್ತಿಯ ಮೇಲಿದ್ದಿತು. ಆದುದರಿಂದ ಭಾರವೆಂಬುದು ಎರಡು ಬಗೆಯದು, ಒಂದು ಇಳಿದಾಗ ಇನ್ನೊಂದು ತಾನಾಗಿ ಇಳಿಯದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಚೀಲವನ್ನು ಬಿಚ್ಚಿ ನೋಡಬೇಕು.

ಎರಡನೆಯ ಇಯತ್ತೆಯ ಒಂದು ಮಗುವಿನ ಮೈತೂಕ ೨೦ ಕಿಲೋ ಎಂದಿಟ್ಟುಕೊಳ್ಳೋಣ. ಮೈತೂಕದ ಹತ್ತನೆಯ ಒಂದು ಪಾಲನ್ನು ಚೀಲದ ತೂಕವು ಮೀರಬಾರದೆಂಬುದು ಈಗ ಎಲ್ಲೆಡೆಯೂ ಒಪ್ಪಿದ ಅಳತೆ. ಅಂದರೆ ಈ ಮಗುವಿಗೆ ಸಲ್ಲುವುದು ೨ ಕಿಲೋ. ಈಗ ಒಂದೊಂದಾಗಿ ತೂಗೋಣ. ಗಟ್ಟಿಯಾದ ಬಟ್ಟೆಯ, ಅನೇಕ ಅರೆಗಳುಳ್ಳ ಚೀಲವು ಬರಿದಾಗಿರುವಾಗಲೇ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ತೂಗುವುದುಂಟು. ಒಂದು ಲೀಟರು ನೀರೆಂದರೆ ಒಂದು ಕಿಲೋ, ಅದರಲ್ಲಿ ಚೌಕಾಸಿಯಿಲ್ಲ. ಉಕ್ಕಿನ ಬಾಟಲಿಯ ತೂಕ ಅದರ ಮೇಲೆ. ಬುತ್ತಿಯ ಡಬ್ಬಿ ಬೇರೆ. ಇಲ್ಲಿಗೆ ೨ ಕಿಲೋ ಮುಗಿಯಿತು. ಒಂದಕ್ಷರವೂ ಇನ್ನೂ ಚೀಲದೊಳಗೆ ಬಂದಿಲ್ಲ! ಇನ್ನು ಮೇಲೆ ಪುಸ್ತಕಗಳು. ಇನ್ನೂರು ಪುಟದ ಉದ್ದ ನೋಟುಬುಕ್ಕು ಸುಮಾರು ಕಾಲು ಕಿಲೋ. ಒಂದು ವಿಷಯಕ್ಕೆ ಪಠ್ಯಪುಸ್ತಕವೊಂದು, ತರಗತಿಯ ಬರಹಕ್ಕೊಂದು, ಮನೆಗೆಲಸಕ್ಕೊಂದು ಎಂದು ಮೂರು, ವಿಷಯಗಳು ಐದಾರು. ಮೇಲಿನ ಇಯತ್ತೆಗಳಿಗೆ ಹೋದಂತೆ ನಕ್ಷೆಯ ಪುಸ್ತಕ, ಚಿತ್ರದ ಪುಸ್ತಕ, ಕಂಪಾಸು ಪೆಟ್ಟಿಗೆ, ಅಭ್ಯಾಸ ಪುಸ್ತಕ ಎಂದು ಪರಿವಾರ ಬೆಳೆಯುತ್ತದೆ.

ಬಾಲಕನಿಗೆ ಇದರಿಂದಾಗುವ ಕೇಡೇನು? ಗಾಡಿ ಹೂಡಿ ಬಲ್ಲ ರೈತಬಂಧುಗಳಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹೇರು ಹಿಂದಕ್ಕೆ ಜಗ್ಗಿದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳಿಗೆ ಪಟ್ಟಿ ಬಿಗಿಯುತ್ತದೆ. ಆದುದರಿಂದ ರೈತನು ಗಾಡಿಯನ್ನು ತುಂಬುವಾಗಲೇ ಭಾರವನ್ನು ನಡುವಿಗೆ ತಂದು ಸಮ ಮಾಡುತ್ತಾನೆ. ಬೆನ್ನಿನ ಚೀಲವೂ ಮೈಯನ್ನು ಹಿಂದಕ್ಕೆ ಜಗ್ಗುತ್ತದೆ. ಬೀಳದಿರಲೆಂದು ಮಗುವು ಸೊಂಟದಿಂದ ಮುಂದಕ್ಕೆ ಬಾಗುತ್ತದೆ. ಬಾಗಿದ ಮೇಲೆ ಕಣ್ಣು ನೆಲವನ್ನೇ ನೋಡುವುದರಿಂದ ತಲೆಯನ್ನು ಮುಂದೆ ಚಾಚಿ ಮೇಲಕ್ಕೆತ್ತುತ್ತದೆ. ಹೀಗೆ ಕೊರಳು, ಹೆಗಲು, ಬೆನ್ನು ಇವುಗಳ ಸ್ನಾಯುಗಳು ದಾರಿಯುದ್ದಕ್ಕೂ ಬಿಡುವಿಲ್ಲದೆ ಬಿಗಿದುಕೊಂಡೇ ಇರುತ್ತವೆ. ಕಿರಿದಾದ ಪಟ್ಟಿಗಳು ಹೆಗಲನ್ನು ಕೊರೆದು ಅಲ್ಲಿಯ ನರಗಳನ್ನು ಒತ್ತುವುದರಿಂದ ಕೈ ಜೋಮು ಹಿಡಿಯುವುದೂ ಉಂಟು. ಒಂದೇ ಹೆಗಲಿಗೆ ಚೀಲವನ್ನು ನೇತುಹಾಕುವ ಹುಡುಗನು ಇನ್ನೊಂದು ಮಗ್ಗುಲಿಗೆ ವಾಲಿ ನಡೆಯುತ್ತಾನೆ. ಭಾರವಾದ ಚೀಲ ಹೊತ್ತ ಮಗುವು ಮೆಟ್ಟಿಲಲ್ಲಿ ಎಡವಿದರೆ ಸಾವರಿಸಿಕೊಳ್ಳುವುದೂ ಕಷ್ಟ.

ಇಲ್ಲಿ ಅತಿಶಯೋಕ್ತಿ ಬೇಡ. ಚೀಲದ ಭಾರದಿಂದಲೇ ಬೆನ್ನೆಲುಬು ಶಾಶ್ವತವಾಗಿ ಡೊಂಕಾಗುವುದೆಂದು ಕೆಲವರು ಹೆದರಿಸುತ್ತಾರೆ. ಬೆನ್ನೆಲುಬು ಪಕ್ಕಕ್ಕೆ ಬಾಗುವ ರೋಗಕ್ಕೆ ಚೀಲವೇ ಕಾರಣವೆಂಬುದನ್ನು ವೈದ್ಯರು ಒಪ್ಪುವುದಿಲ್ಲ. ನೋವು, ದಣಿವು, ನಿಲುವಿನ ಕೆಡುಕು, ಇಷ್ಟನ್ನು ಅವರು ಹೇಳುತ್ತಾರೆ. ಇಷ್ಟೇ ಸಾಲದೆ? ಶಾಲೆಯ ಬಾಗಿಲಿಗೆ ಬರುವಷ್ಟರಲ್ಲಿ ದಣಿದ ಕೂಸಿಗೆ ಮೊದಲನೆಯ ಪಾಠವು ಹೇಗೆ ತಲೆಗೆ ಹತ್ತೀತು? ಹಲ್ಲು ಮೂಡದ ಹೋರಿಗರುವಿಗೆ ನೊಗ ಹೂಡಿದವನನ್ನು ಊರು ಬಯ್ಯುತ್ತದೆ. ಕರುವು ಸತ್ತೇ ಹೋದೀತೆಂಬ ಭಯದಿಂದಲ್ಲ, ಅದು ಸಲ್ಲದ ಕೆಲಸವೆಂದು.

ಈ ವಿಷಯವು ದೇಶದ ಮಹಾಸಭೆಯಲ್ಲಿ ಪ್ರಸ್ತಾಪಕ್ಕೆ ಬಂದುದು ಮೈಸೂರಿನಲ್ಲಿ ಬಹುಕಾಲ ನೆಲೆಸಿದ್ದ ಒಬ್ಬ ಕಥೆಗಾರರಿಂದ ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆರ್. ಕೆ. ನಾರಾಯಣರವರು ರಾಜ್ಯಸಭೆಯ ನಾಮಕರಣಗೊಂಡ ಸದಸ್ಯರಾಗಿದ್ದಾಗ, ೧೯೮೯ರಲ್ಲಿ ಮಾಡಿದ ತಮ್ಮ ಮೊದಲನೆಯ ಭಾಷಣವನ್ನು ರಾಜಕಾರಣಕ್ಕಾಗಿ ವ್ಯಯಿಸದೆ ಮಕ್ಕಳ ಚೀಲಕ್ಕಾಗಿ ಮುಡಿಪಿಟ್ಟರು. ಆಮೇಲೆ ೧೯೯೨ರಲ್ಲಿ ಕೇಂದ್ರ ಸರ್ಕಾರವು ವಿಜ್ಞಾನಿ ಯಶಪಾಲರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ೧೯೯೩ರಲ್ಲಿ ಹೊರಬಿದ್ದ ಆ ಸಮಿತಿಯ ವರದಿಯಲ್ಲಿ ದೆಹಲಿಯ ಸಮೀಕ್ಷೆಯೊಂದರ ಉಲ್ಲೇಖವಿದೆ: ಹಣವಂತರ ಖಾಸಗಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಚೀಲದ ತೂಕ ಸರಾಸರಿ ೪ ಕಿಲೋಗಿಂತ ಹೆಚ್ಚು, ನಗರಸಭೆಯ ಶಾಲೆಗಳಲ್ಲಿ ಸುಮಾರು ೧ ಕಿಲೋ. ಒಂದೇ ಊರು, ಒಂದೇ ವಯಸ್ಸಿನ ಮಕ್ಕಳು! ಹೆಚ್ಚು ಶುಲ್ಕ ತೆತ್ತವರ ಮಕ್ಕಳಿಗೆ ಹೆಚ್ಚು ಹೊರೆ ದೊರೆಯಿತು.

ಆದರೆ ಯಶಪಾಲರ ಸಮಿತಿಯು ತಕ್ಕಡಿಯಲ್ಲಿಯೇ ನಿಲ್ಲಲಿಲ್ಲ. ಚೀಲದ ತೂಕಕ್ಕಿಂತಲೂ ಹೆಚ್ಚು ಘಾತಕವಾದುದು ತಿಳಿಯದುದನ್ನು ಹೊರುವ ಭಾರವೆಂದು ಅದು ನಿರ್ಣಯಿಸಿತು. ಬಳ್ಳಾರಿಯ ಕಲೆಕ್ಟರನು ಮರಳಿನ ಮೇಲೆ ಬರೆಯುವ ಮಕ್ಕಳನ್ನು ನೋಡಿ ಹೇಳಿದ ಮಾತೇ ೧೭೦ ವರ್ಷಗಳ ಬಳಿಕ ಬೇರೆ ಬಾಯಿಂದ ಬಂದಿತು. ಅಂದು ಹಗುರವಾದ ಬೆನ್ನಿನೊಡನೆ ಗಿಳಿಪಾಠವಿದ್ದಿತು. ಇಂದು ಭಾರವಾದ ಬೆನ್ನಿನೊಡನೆ ಅದೇ ಗಿಳಿಪಾಠ. ಇಷ್ಟು ಕಾಗದವನ್ನು ಹೊರಿಸಿಯೂ ಅರ್ಥವನ್ನು ಕೊಡಲಾಗದಿದ್ದರೆ ಕಾಗದವನ್ನು ಹೊರಿಸಿದುದೇಕೆಂದು ಕೇಳಬೇಕಾಗುತ್ತದೆ.

ಅಲ್ಲಿಂದೀಚೆಗೆ ಕಟ್ಟಳೆಗಳಿಗೆ ಕೊರತೆಯಿಲ್ಲ. ಚೀಲದ ಮಿತಿಯನ್ನು ಕುರಿತ ಖಾಸಗಿ ಮಸೂದೆಯೊಂದು ೨೦೦೬ರಲ್ಲಿ ರಾಜ್ಯಸಭೆಗೆ ಬಂದಿತಾದರೂ ಕಾನೂನಾಗಲಿಲ್ಲ. ೨೦೧೮ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಆದೇಶವೊಂದರ ಬಳಿಕ ಕೇಂದ್ರ ಸರ್ಕಾರವು ಆ ವರ್ಷದ ನವೆಂಬರಿನಲ್ಲಿ ತರಗತಿವಾರು ತೂಕವನ್ನು ಗೊತ್ತುಪಡಿಸಿತು. ಒಂದು ಮತ್ತು ಎರಡನೆಯ ತರಗತಿಗಳಿಗೆ ಮನೆಗೆಲಸ ಕೊಡಬಾರದೆಂದೂ ಹೇಳಿತು. ಕರ್ನಾಟಕದ ಶಿಕ್ಷಣ ಇಲಾಖೆಯು ೨೦೧೯ರಲ್ಲಿ ತನ್ನ ಆದೇಶವನ್ನು ಹೊರಡಿಸಿ ೨೦೨೩ರಲ್ಲಿ ಅದನ್ನು ಮತ್ತೆ ನೆನಪಿಸಿತು. ಅದರಂತೆ ೧ ಮತ್ತು ೨ನೆಯ ತರಗತಿಗೆ ಒಂದೂವರೆಯಿಂದ ೨ ಕಿಲೋ. ೩ರಿಂದ ೫ಕ್ಕೆ ೨ರಿಂದ ೩. ೬ರಿಂದ ೮ಕ್ಕೆ ೩ರಿಂದ ೪. ೯ ಮತ್ತು ೧೦ಕ್ಕೆ ೪ರಿಂದ ೫ ಕಿಲೋ. ತಿಂಗಳ ಮೂರನೆಯ ಶನಿವಾರ ಚೀಲವಿಲ್ಲದ ದಿನ. ೨೦೨೦ರ ಕೇಂದ್ರದ ಶಾಲಾಚೀಲ ನೀತಿಯು ಮೈತೂಕದ ಹತ್ತನೆಯ ಪಾಲೆಂಬ ಅಳತೆಯನ್ನೇ ಹಿಡಿದು, ಶಾಲೆಯಲ್ಲಿ ತಕ್ಕಡಿಯಿರಬೇಕು, ಅಂಗನವಾಡಿಯ ವಯಸ್ಸಿನ ಮಕ್ಕಳಿಗೆ ಚೀಲವೇ ಬೇಡ ಎಂದಿತು. ಮೈತೂಕದ ಅಳತೆಯೇ ನ್ಯಾಯವಾದುದು. ಏಕೆಂದರೆ ಒಂದೇ ತರಗತಿಯಲ್ಲಿ ೨೨ ಕಿಲೋದ ಬಾಲಕನೂ ೧೬ ಕಿಲೋದ ಬಾಲಕಿಯೂ ಪಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ೨ ಕಿಲೋ ಎಂಬುದು ಅವನಿಗೆ ಹಗುರ, ಅವಳಿಗೆ ಹೆಚ್ಚು. ಬಡವರ ಮನೆಯ, ಮೈ ಬಾರದ ಮಗುವಿಗೆ ತರಗತಿಯ ಲೆಕ್ಕವು ಯಾವಾಗಲೂ ಅನ್ಯಾಯವನ್ನೇ ಮಾಡುತ್ತದೆ.

ಕಟ್ಟಳೆಗಳಿದ್ದೂ ಚೀಲ ಹಗುರವಾಗಲಿಲ್ಲವೇಕೆ? ತೂಗುವವರಿಲ್ಲ, ಇದು ಮೊದಲನೆಯದು. ಅಕ್ಕಿಯನ್ನು ತೂಗುತ್ತಾರೆ, ಹತ್ತಿಯನ್ನು ತೂಗುತ್ತಾರೆ, ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ಗಾಡಿಯನ್ನೇ ತೂಗುತ್ತಾರೆ. ತೂಕದಲ್ಲಿ ತುಸು ಹೆಚ್ಚುಕಡಿಮೆಯಾದರೆ ಜಗಳವೇಳುತ್ತದೆ. ಮಗುವಿನ ಬೆನ್ನ ಮೇಲಿನದನ್ನು ಮಾತ್ರ ಯಾರೂ ತೂಗರು. ಇನ್ನು, ಚೀಲ ಭಾರವಾದಷ್ಟೂ ಶಾಲೆ ದೊಡ್ಡದು ಎಂಬ ಭ್ರಾಂತಿಯು ತಂದೆತಾಯಿಗಳಲ್ಲಿ ಬೇರೂರಿದೆ. ಆಡಳಿತ ಮಂಡಲಿಗಳು ಈ ಭ್ರಾಂತಿಯನ್ನು ಬಿಡಿಸಬೇಕಾದವು. ಅವುಗಳಲ್ಲಿ ಕೆಲವು ಅದನ್ನೇ ಬಂಡವಾಳ ಮಾಡಿಕೊಂಡು, ಇಲಾಖೆಯ ಪುಸ್ತಕ ಸಾಲದೆಂಬಂತೆ ಹೊಳಪು ಕಾಗದದ ದಪ್ಪ ಪುಸ್ತಕಗಳನ್ನು ತಾವೇ ಮಾರುತ್ತವೆ. ವಿದ್ಯಾದಾನವೆಂಬ ಹೆಸರು ಹಲಗೆಯ ಮೇಲಿದ್ದು ಅಂಗಡಿಯು ಒಳಗಿದ್ದರೆ ಅದಕ್ಕೆ ಏನೆನ್ನಬೇಕೆಂಬುದನ್ನು ಸಭಾಸದರೇ ನಿರ್ಣಯಿಸಲಿ.

ಎಲ್ಲಕ್ಕಿಂತ ಮುಖ್ಯವಾದ ಕಾರಣವು ಇನ್ನೊಂದಿದೆ. ಅದು ಯಾವ ಆದೇಶಪತ್ರದಲ್ಲಿಯೂ ಬರೆದಿಲ್ಲ. ಅದು ಭಯ. ವೇಳಾಪಟ್ಟಿಯಲ್ಲಿ ಇಂದು ನಾಲ್ಕೇ ವಿಷಯಗಳಿದ್ದರೂ ಮಗುವು ಎಲ್ಲ ವಿಷಯಗಳ ಪುಸ್ತಕಗಳನ್ನೂ ತುಂಬಿಕೊಂಡು ಹೊರಡುತ್ತದೆ. ಯಾಕಪ್ಪಾ ಎಂದು ಕೇಳಿದರೆ, ಗುರುಗಳು ಬೇರೆ ಪಾಠ ತೆಗೆದರೆ ಪುಸ್ತಕವಿಲ್ಲವೆಂದು ಹೊರಗೆ ನಿಲ್ಲಿಸುತ್ತಾರೆ ಎನ್ನುತ್ತದೆ. ಒಂದು ಸಲ ಹೊರಗೆ ನಿಂತ ಮಗುವು ವರ್ಷವೆಲ್ಲಾ ನಿತ್ಯವೂ ಎಲ್ಲವನ್ನೂ ಹೊರುತ್ತದೆ. ಈ ಭಾರವನ್ನು ತಕ್ಕಡಿ ತೋರಿಸೀತೇ ಹೊರತು ಇಳಿಸಲಾರದು, ಇಳಿಸಬಲ್ಲವರು ಉಪಾಧ್ಯಾಯರೊಬ್ಬರೇ. ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ ಅದರಂತೆಯೇ ತಾವು ನಡೆಯುವುದು, ಮರೆತು ಬಂದ ಮಗುವನ್ನು ಪಕ್ಕದವನ ಪುಸ್ತಕದಲ್ಲಿ ನೋಡೆಂದು ಕೂರಿಸುವುದು, ಈ ಎರಡನ್ನು ಮಾಡಿದರೆ ಚೀಲದಿಂದ ಬೇಡದ ಪುಸ್ತಕಗಳೆಲ್ಲ ಆ ವಾರವೇ ಹೊರಬೀಳುತ್ತವೆ. ಹಣ ಬೇಕಾಗಿಲ್ಲ, ಮೇಲಧಿಕಾರಿಗಳ ಅಪ್ಪಣೆಯೂ ಬೇಕಾಗಿಲ್ಲ.

ಶಾಲೆಗಳನ್ನು ನಡೆಸುವವರು ಮೊದಲು ಕೈಯಿಕ್ಕಬೇಕಾದುದು ನೀರಿಗೆ. ಶಾಲೆಯ ನೀರಿನಲ್ಲಿ ತಾಯಿಗೆ ನಂಬಿಕೆಯಿಲ್ಲದುದರಿಂದಲೇ ಅವಳು ದೊಡ್ಡ ಬಾಟಲಿಯನ್ನು ತುಂಬಿ ಕಳುಹಿಸುವಳು, ಅವಳನ್ನು ತಪ್ಪುಗಾರಳೆನ್ನಲಾಗದು. ತೊಟ್ಟಿಯನ್ನು ನಿಯಮದಿಂದ ತೊಳೆದು, ಸೋಸಿದ ನೀರಿಟ್ಟು, ತಂದೆತಾಯಿಗಳನ್ನು ಕರೆದು ತೋರಿಸಿದರೆ ಒಂದು ಕಿಲೋ ಒಮ್ಮೆಗೇ ಇಳಿಯಿತು. ಊಟದ ಮಾತು ಹಾಗೆಯೇ. ೨೦೦೨-೦೩ರಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದು ಸರ್ಕಾರವೇ ಹೆಸರಿಟ್ಟಿತು. ಮಠಗಳ ಪಂಕ್ತಿಯಿಂದ ಹೋದ ಆ ಮಾತು ಹಸಿವನ್ನು ಕಳೆದುದಲ್ಲದೆ ಬುತ್ತಿಯ ಡಬ್ಬಿಯನ್ನೂ ಚೀಲದಿಂದ ತೆಗೆಯಿತು.

ಒಂದು ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಮನೆಗೆಲಸವೇ ಇಲ್ಲವೆಂದ ಮೇಲೆ ಅವರ ಪುಸ್ತಕಗಳು ಸಂಜೆ ಮನೆಗೆ ಹೋಗಿ ಮುಂಜಾನೆ ಮರಳಿ ಬರುವುದೇಕೆ? ತರಗತಿಯ ಗೋಡೆಯಲ್ಲಿ ಒಂದು ಮರದ ಅಲಮಾರು ಇದ್ದರೆ ಸಾಕು. ಅವು ಅಲ್ಲಿಯೇ ಇರಲಿ. ದೊಡ್ಡ ತರಗತಿಗಳಲ್ಲಿ ಪಠ್ಯಪುಸ್ತಕವನ್ನು ಭಾಗಗಳಾಗಿ ಒಡೆದು ಮುದ್ರಿಸಿದ್ದರೆ ಆಯಾ ಕಾಲದ ಭಾಗವನ್ನಷ್ಟೇ ತರಿಸತಕ್ಕದ್ದು. ಮುಗಿದ ಭಾಗವೂ ಚೀಲದಲ್ಲಿಯೇ ಪ್ರಯಾಣ ಮಾಡುತ್ತಿರುವುದನ್ನು ಅನೇಕ ಕಡೆ ಕಾಣಬಹುದು. ಇನ್ನೂರು ಪುಟದ ವಹಿಗೆ ಬದಲಾಗಿ ನೂರು ಪುಟದ್ದನ್ನು ಹೇಳಬಹುದು. ಮೇಲಿನ ತರಗತಿಗೆ ಹೋದ ಮಕ್ಕಳ ಹಳೆಯ ಪಠ್ಯಪುಸ್ತಕಗಳು ಮನೆಮನೆಗಳಲ್ಲಿ ರದ್ದಿಗೆ ಹೋಗುತ್ತಿವೆ. ಅವನ್ನು ಸಂಗ್ರಹಿಸಿ ತರಗತಿಯಲ್ಲಿ ಒಂದೊಂದು ಬೆಂಚಿಗೆ ಒಂದರಂತೆ ಇಟ್ಟರೆ ಮಕ್ಕಳು ತಮ್ಮ ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟು ಬರಬಹುದು. ಚಕ್ರವುಳ್ಳ ಚೀಲಗಳನ್ನು ಕೆಲವರು ಉಪಾಯವೆಂದು ಕೊಂಡು ತರುತ್ತಾರೆ. ಅವು ಬರಿದಾಗಿಯೂ ಭಾರ, ಮೆಟ್ಟಿಲು ಬಂದಲ್ಲಿ ಎತ್ತಲೇಬೇಕು, ಹಳ್ಳಿಯ ಕೆಸರಿನಲ್ಲಿ ಉರುಳುವುದೂ ಇಲ್ಲ.

ತಾಯಂದಿರಿಗೆ ಕೆಲವು ಮಾತು. ರಾತ್ರಿ ಮಲಗುವ ಮೊದಲು ಮಗುವಿನೊಡನೆ ಕುಳಿತು ನಾಳೆಯ ವೇಳಾಪಟ್ಟಿಯನ್ನು ನೋಡಿ ಚೀಲವನ್ನು ತುಂಬಿಸುವುದು ಒಳ್ಳೆಯದು. ತಾನೇ ತುಂಬಿಕೊಂಡ ಮಗುವಿಗೆ ಮರೆವು ಕಡಿಮೆ. ದಪ್ಪ ಪುಸ್ತಕಗಳು ಬೆನ್ನಿಗೆ ತಾಗುವಂತೆ ಒಳಗಡೆ ಇರಲಿ, ಹಗುರವಾದುವು ಹೊರಗಡೆ. ಚೀಲವು ಮಗುವಿನ ಬೆನ್ನಿಗಿಂತ ಅಗಲವಾಗಿರಬಾರದು. ಮುಂದಿನ ವರ್ಷಕ್ಕೂ ಆದೀತೆಂದು ಅಂಗಿಯಂತೆ ಚೀಲವನ್ನೂ ದೊಡ್ಡದಾಗಿ ಕೊಳ್ಳುವುದು ತಪ್ಪು, ಏಕೆಂದರೆ ದೊಡ್ಡ ಚೀಲವು ಹೇಗೂ ತುಂಬಿಕೊಳ್ಳುತ್ತದೆ. ಪಟ್ಟಿಗಳು ಅಗಲವಾಗಿ ಮೆತ್ತಗಿರಬೇಕು. ಎರಡನ್ನೂ ಎರಡು ಹೆಗಲಿಗೆ ಹಾಕಿ, ಚೀಲವು ಸೊಂಟದಿಂದ ಬಹಳ ಕೆಳಗಿಳಿಯದಂತೆ ಬಿಗಿಮಾಡಬೇಕು. ಬಸ್ಸಿಗೆ ಕಾಯುವಾಗ, ಪ್ರಾರ್ಥನೆಗೆ ನಿಂತಾಗ ಚೀಲವನ್ನು ನೆಲಕ್ಕಿಳಿಸುವ ರೂಢಿ ಮಾಡಿಸಬೇಕು. ಮಗುವು ಬೆನ್ನು ನೋವೆಂದರೆ, ಶಾಲೆ ತಪ್ಪಿಸುವ ನೆಪವೆಂದು ಗದರುವ ಮೊದಲು ಚೀಲವನ್ನೊಮ್ಮೆ ತಾವೇ ಹೆಗಲಿಗೇರಿಸಿ ನೋಡಬೇಕು.

ಚೀಲವಿಲ್ಲದ ಶನಿವಾರವನ್ನು ಸಂಭ್ರಮ ಶನಿವಾರವೆಂದು ಕರೆಯುತ್ತಾರೆ. ಆ ದಿನವು ರಜೆಯ ತಮ್ಮನಂತೆ ಕಳೆದುಹೋಗಬಾರದು. ಊರ ಕುಂಬಾರನ ತಿಗರಿ, ನೇಕಾರನ ಮಗ್ಗ, ಕೆರೆಯ ತೂಬು, ಹಳೆಯ ಶಾಸನದ ಕಲ್ಲು ಇವೆಲ್ಲ ಪುಸ್ತಕವಿಲ್ಲದೆ ಪಾಠ ಹೇಳುತ್ತವೆ. ಬಾಯಿಪಾಠವೊಂದನ್ನೇ ವಿದ್ಯೆಯೆಂದು ನಂಬಿದ ಹಿರಿಯ ಉಪಾಧ್ಯಾಯರಿಗೆ ಆ ದಿನ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುವುದು ತುಸು ಕಷ್ಟವಾದೀತು. ಆಗಲಿ, ತಿಳಿಯದುದನ್ನು ಹೊರುವ ಭಾರವು ಇಳಿಯತಕ್ಕದ್ದು ಅಂತಹ ಪ್ರಶ್ನೆಗಳಿಂದಲೇ.

ಕೊನೆಯದಾಗಿ, ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳ ಮುಖ್ಯೋಪಾಧ್ಯಾಯರೂ ಆಡಳಿತ ಮಂಡಲಿಯವರೂ ಈ ಸಭೆಯಲ್ಲಿ ಅನೇಕರಿದ್ದಾರೆ. ಕಿರಾಣಿ ಅಂಗಡಿಯಲ್ಲಿರುವಂತಹ ಕೊಕ್ಕೆಯ ತಕ್ಕಡಿಯೊಂದನ್ನು ಶಾಲೆಯ ಪಡಸಾಲೆಯಲ್ಲಿ ತೂಗುಹಾಕಿ, ಬರುವ ಸೋಮವಾರ ಒಂದು ತರಗತಿಯ ಚೀಲಗಳನ್ನು ತೂಗಲಿ. ಆ ಮಕ್ಕಳನ್ನೂ ತೂಗಲಿ. ಎರಡು ಅಂಕೆಗಳನ್ನು ಎದುರುಬದುರಾಗಿ ಬರೆದು ಬಾಗಿಲಿಗೆ ಅಂಟಿಸಲಿ. ಮೂವತ್ತು ಮಕ್ಕಳ ತರಗತಿಗೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಲಾರದು. ತೂಕ ಹೆಚ್ಚಾದಲ್ಲಿ ಮಗುವನ್ನು ಗದರಬಾರದು. ಚೀಲವನ್ನು ಅದರ ಮುಂದೆಯೇ ಬಿಚ್ಚಿ, ಯಾವುದು ಯಾರು ಹೇಳಿದ್ದರಿಂದ ಒಳಗೆ ಬಂದಿತೆಂದು ಕೇಳಿ ಬರೆದುಕೊಳ್ಳಬೇಕು.